ಕಂದಾಚಾರ : ಮೈಸೂರು ಸೀಮೆಯ ಒಂದು ಮೀಸಲು ಪಡೆ

‘ಕಂದಾಚಾರ’ವೆಂಬ ಶಬ್ದವನ್ನು ಕೇಳಿದೊಡನೆ ಇಂದಿನ ಕನ್ನಡಿಗನ ಮನಸ್ಸಿಗೆ ಬರುವುದು ಅರ್ಥವರಿಯದೆ ನಡೆಸುವ ಮಡಿಮೈಲಿಗೆ, ಕುರುಡು ನಂಬಿಕೆ, ಹಳೆಯ ಕಟ್ಟಳೆಗಳ ಹಟ. ಆದರೆ ಮೈಸೂರು ಸೀಮೆಯ ಹಳೆಯ ಕಾಗದಪತ್ರಗಳಲ್ಲಿ ಇದೇ ಶಬ್ದವು ಆಚಾರ ಅನಾಚಾರಗಳ ಗೊಡವೆಯಿಲ್ಲದೆ ಕತ್ತಿ, ಈಟಿ, ಬಂದೂಕುಗಳ ನಡುವೆ ಕಾಣಿಸಿಕೊಳ್ಳುತ್ತದೆ. ಅಲ್ಲಿ ಕಂದಾಚಾರವೆಂದರೆ ಸೀಮೆಯ ಪಡೆ. ಕಂದಾಚಾರದವನೆಂದರೆ ಶಾಂತಿಕಾಲದಲ್ಲಿ ತನ್ನೂರಿನಲ್ಲಿ ಆರು ಕಟ್ಟಿ, ಕರೆ ಬಂದಾಗ ಆಯುಧ ಹಿಡಿಯುವ ಆಳು. ಈ ಭೇದವನ್ನರಿಯದೆ ನಾನೂ ಒಮ್ಮೆ ಎಡವಿದ್ದೇನೆ. ಪಿರಿಯಾಪಟ್ಟಣದ ಕಡೆಯ ಒಂದು ಹಳೆಯ ಲೆಕ್ಕದ ಕಡತವನ್ನು ಓದುವಾಗ ‘ಕಂದಾಚಾರದವರಿಗೆ ಸಂಬಳ’ ಎಂದಿದ್ದುದನ್ನು ಕಂಡು, ಇವರು ದೇವಾಲಯದ ಪರಿಚಾರಕರಾಗಿರಬೇಕೆಂದು ಅಂಚಿನಲ್ಲಿ ಗುರುತು ಹಾಕಿದ್ದೆನು. ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನಿಗೆ ‘ಆಚಾರ’ವೆಂಬ ಉತ್ತರಪದ ಕಂಡಕೂಡಲೆ ಧರ್ಮಶಾಸ್ತ್ರವೇ ನೆನಪಾಗುವುದು ಸಹಜ. ಆ ಪ್ರಮಾದಕ್ಕೆ ಪ್ರಾಯಶ್ಚಿತ್ತವೆಂದೇ ವಾಚಕರು ಈ ಲೇಖನವನ್ನು ಭಾವಿಸಬಹುದು.

ಚಿಕ್ಕದೇವರಾಜ ಒಡೆಯರು (ಕ್ರಿ.ಶ. ೧೬೭೩–೧೭೦೪) ಔರಂಗಜೇಬನ ಆಸ್ಥಾನಕ್ಕೆ ನಿಯೋಗವನ್ನು ಕಳುಹಿಸಿದ ತರುವಾಯ ರಾಜ್ಯದ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದುದು ಚರಿತ್ರೆಯನ್ನು ಬಲ್ಲವರಿಗೆ ವಿದಿತವೇ ಆಗಿದೆ. ‘ಅಠಾರಾ ಕಚೇರಿ’ಯೆಂದು ಹೆಸರಾದ ಆ ವ್ಯವಸ್ಥೆಯಲ್ಲಿ ಕಂದಾಚಾರದ ಹೆಸರು ಎರಡು ಕಡೆ ಬರುತ್ತದೆ: ಒಂದು ‘ಸೀಮೆ ಕಂದಾಚಾರ’, ಇನ್ನೊಂದು ‘ಬಾಗಿಲು ಕಂದಾಚಾರ’. ಈ ಎರಡು ವಿಶೇಷಣಗಳಲ್ಲಿಯೇ ವಿಷಯದ ಮರ್ಮವಡಗಿದೆ. ಬಾಗಿಲೆಂದರೆ ಅರಮನೆಯ ಬಾಗಿಲು. ದೊರೆಯ ಕಣ್ಣಮುಂದೆ ಸದಾ ಸನ್ನದ್ಧವಾಗಿರತಕ್ಕದ್ದು. ಸೀಮೆಯೆಂದರೆ ನಾಡು, ಅಲ್ಲಲ್ಲಿ ಊರೂರುಗಳಲ್ಲಿ ಹಂಚಿಹೋಗಿದ್ದು, ಬೇಕಾದಾಗ ಕೂಡಿಸಿಕೊಳ್ಳತಕ್ಕದ್ದು. ನಿತ್ಯಸೈನ್ಯ, ಮೀಸಲು ಸೈನ್ಯ ಎಂದು ಈಗಿನವರು ಹೇಳುವ ವಿಭಾಗವನ್ನು ನಮ್ಮ ಹಿರಿಯರು ಬಾಗಿಲು, ಸೀಮೆ ಎಂಬ ಎರಡು ಸಣ್ಣ ಮಾತುಗಳಿಂದ ಮುಗಿಸಿದರು.

ಆದರೆ ಇದು ಒಡೆಯರ ಕಾಲದ ಹೊಸ ಕಲ್ಪನೆಯೆಂದು ತಿಳಿಯಬಾರದು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ತುರುಗಳನ್ನು ಮರಳಿಸಿ ಮಡಿದವನೂ, ಊರಳಿವಿನಲ್ಲಿ ಕಾದಿ ಸತ್ತವನೂ ಬಹುಮಟ್ಟಿಗೆ ವೃತ್ತಿಯ ಯೋಧನಲ್ಲ; ಊರಿನ ಒಕ್ಕಲೇ. ಅಂಥವನಿಗೂ ಅವನ ಮನೆಯವರಿಗೂ ಕೊಟ್ಟ ಭೂಮಿಗೆ ಶಾಸನಗಳು ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಎಂಬ ಹೆಸರುಗಳನ್ನು ಇಟ್ಟಿವೆ. ಬಾಳ್ಗಳ್ಚೆಂದರೆ ಕತ್ತಿಯನ್ನು ತೊಳೆದುದಕ್ಕಾಗಿ ಕೊಟ್ಟದ್ದು. ನೆತ್ತರುಗೊಡಗೆಯೆಂದರೆ ರಕ್ತಕ್ಕೆ ಪ್ರತಿಯಾಗಿ ಕೊಟ್ಟದ್ದು. ಶಾಸ್ತ್ರದ ಕಡೆಗೆ ತಿರುಗಿದರೆ, ನಮ್ಮ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು ೧೯೦೯ರಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವು ಬಲಗಳನ್ನು ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ ಎಂದು ಆರಾಗಿ ವಿಭಾಗಿಸುತ್ತದೆ. ಬಾಗಿಲು ಕಂದಾಚಾರವನ್ನು ಮೌಲದ ಅಥವಾ ಭೃತದ ಲೆಕ್ಕದಲ್ಲಿ ಸೇರಿಸಬಹುದು. ಸೀಮೆಯದು ಮಾತ್ರ ಈ ಆರರಲ್ಲಿ ಯಾವುದಕ್ಕೂ ಸರಿಯಾಗಿ ಹೊಂದದು. ನೆಲದಲ್ಲಿ ಬೇರೂರಿದ್ದರಿಂದ ಅದು ಮೌಲ. ವೇತನ ಪಡೆಯುವುದರಿಂದ ಭೃತ. ಕಾಡಂಚಿನಲ್ಲಿ ಅಟವೀಬಲದ ಛಾಯೆಯೂ ಉಂಟು. ಶಾಸ್ತ್ರದ ಚೌಕಟ್ಟಿಗೆ ವ್ಯವಹಾರವನ್ನು ಬಲವಂತವಾಗಿ ತುರುಕುವುದಕ್ಕಿಂತ ವ್ಯವಹಾರವನ್ನು ಇದ್ದಂತೆ ನೋಡುವುದೇ ಲೇಸು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹಿಂದೆ ಎಡತೊರೆಯೆಂದು ಹೆಸರಿದ್ದ ಕೃಷ್ಣರಾಜನಗರ, ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಕಣ್ಣಮುಂದೆ ತಂದುಕೊಂಡರೆ ಇಂಥ ಪಡೆಯ ಅವಶ್ಯಕತೆ ತಾನಾಗಿ ತಿಳಿಯುತ್ತದೆ. ಪಡುವಲಿಗೆ ಕೊಡಗು, ತೆಂಕಲಿಗೆ ವಯನಾಡಿನ ದಟ್ಟಡವಿ, ನಡುವೆ ಕಾವೇರಿ, ಲಕ್ಷ್ಮಣತೀರ್ಥ, ಕಪಿಲಾ ನದಿಗಳ ಕಾಲುವೆಯ ಬಯಲು. ಚಂಗಾಳ್ವರ ರಾಜಧಾನಿಯಾಗಿದ್ದ ಪಿರಿಯಾಪಟ್ಟಣವನ್ನು ಕಂಠೀರವ ನರಸರಾಜ ಒಡೆಯರು ೧೬೪೪–೪೫ರಲ್ಲಿ ಗೆದ್ದ ಮೇಲೆ ಅದು ಮೈಸೂರಿನ ಗಡಿಯ ಠಾಣೆಯಾಯಿತು. ೧೭೯೧ರಲ್ಲಿ ಅಬರ್‌ಕ್ರಾಂಬಿಯ ಮುಂಬಯಿ ಸೇನೆ ಕೊಡಗಿನ ಘಟ್ಟವನ್ನು ಹತ್ತಿ ಬಂದುದು ಈ ದಾರಿಯಲ್ಲಿಯೇ. ೧೭೯೯ರ ಮಾರ್ಚ್ ೬ರಂದು ಟಿಪ್ಪುವು ಸ್ಟೂಅರ್ಟನ ಸೇನೆಯ ಮುಂಗುಂಪಿನ ಮೇಲೆ ಬಿದ್ದು ಹಿಮ್ಮೆಟ್ಟಿದ ಸಿದ್ಧೇಶ್ವರವೂ ಪಿರಿಯಾಪಟ್ಟಣಕ್ಕೆ ಸಮೀಪದ್ದೇ. ಮರುವರ್ಷ ಇಲ್ಲಿ ಸಂಚರಿಸಿದ ಬುಕಾನನ್ನನು ಕಂಡುದು ಹಾಳುಬಿದ್ದ ಪಟ್ಟಣವನ್ನು. ಇಂಥ ಗಡಿಯಲ್ಲಿ ರಾಜಧಾನಿಯಿಂದ ಸೈನ್ಯ ಬರುವವರೆಗೆ ತಡೆದು ನಿಲ್ಲತಕ್ಕವರು ಸ್ಥಳದಲ್ಲಿಯೇ ಇರಬೇಕಾಗಿತ್ತು.

ಈ ಪಡೆಯ ಕ್ರಮವು ನಮಗೆ ಸ್ಫುಟವಾಗಿ ಕಾಣುವುದು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ (೧೭೯೯–೧೮೧೧). ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೈನ್ಯದಲ್ಲಿದ್ದ ಅಸಂಖ್ಯ ಜನ ಜೀವನೋಪಾಯವಿಲ್ಲದೆ ನಿಂತರು. ಆಯುಧವನ್ನು ಬಲ್ಲ ಹಸಿದ ಮನುಷ್ಯನು ಎತ್ತ ಹೋಗುವನೆಂಬುದನ್ನು ಧೋಂಡಿಯ ವಾಘನ ದಂಗೆ ಕೂಡಲೆ ತೋರಿಸಿತು. ಅವನು ೧೮೦೦ರ ಸೆಪ್ಟೆಂಬರಿನಲ್ಲಿ ಮಡಿಯುವವರೆಗೆ ಸೀಮೆಗೆ ನೆಮ್ಮದಿಯಿರಲಿಲ್ಲ. ಪೂರ್ಣಯ್ಯನವರು ಹಳೆಯ ಯೋಧರನ್ನೂ ಯೋಧರ ಮನೆತನದವರನ್ನೂ ಕಂದಾಚಾರದಲ್ಲಿ ಬರೆಸಿಕೊಂಡರು. ಕೆಲವೇ ವರ್ಷಗಳಲ್ಲಿ ಈ ಪಡೆ ೨೦,೦೦೦ದಷ್ಟಾಯಿತು. ಆಳು ತನ್ನೂರಿನಲ್ಲಿಯೇ ಇದ್ದು ಬೇಸಾಯ ಮಾಡುವನು. ಮನೆಯಲ್ಲಿದ್ದಾಗ ಅಲ್ಪ ವೇತನ, ಊರು ಬಿಟ್ಟು ಹೊರಟಾಗ ಅದರ ಮೇಲೆ ಬತ್ಯ. ಸರದಿಯ ಮೇಲೆ ಕೋಟೆಯ ಕಾವಲು, ಖಜಾನೆಯ ಬೆಂಗಾವಲು, ಕಳ್ಳರ ಬೆನ್ನಟ್ಟುವಿಕೆ ಇವೆಲ್ಲ ಅವನ ಪಾಲಿಗೆ ಬರುತ್ತಿದ್ದುವು. ಮೇಲೆ ದಫೇದಾರ, ಹೋಬಳಿದಾರ, ಕಿಲ್ಲೇದಾರರು. ಈ ಏರ್ಪಾಟಿನಲ್ಲಿ ಬುದ್ಧಿವಂತಿಕೆ ಇರುವುದು ಇಲ್ಲಿಯೇ: ರಾಜ್ಯಕ್ಕೆ ಸೈನ್ಯವೂ ಉಳಿಯಿತು, ದಂಗೆಗೆ ಸೇರಬಹುದಾಗಿದ್ದ ಕೈಗಳು ನೇಗಿಲಿನ ಮೇಣಿಯನ್ನೂ ಹಿಡಿದುವು. ಸಂಬಳದ ಲೆಕ್ಕವನ್ನು ಮಾತ್ರ ನೋಡಿ ಇದನ್ನು ವ್ಯರ್ಥವೆಚ್ಚವೆನ್ನುವವರು ದಂಗೆಯ ವೆಚ್ಚವನ್ನು ಎಣಿಕೆಗೆ ತೆಗೆದುಕೊಂಡಿರುವುದಿಲ್ಲ.

ಹೊರದೇಶದ ಒಂದು ನಿದರ್ಶನದೊಡನೆ ಹೋಲಿಸಿದರೆ ಇದರ ಸ್ವರೂಪ ಇನ್ನೂ ವಿಶದವಾಗುವುದು. ಫ್ರಾನ್ಸ್ ದೇಶದಲ್ಲಿ ೧೯೧೩ರ ಶಾಸನದಂತೆ ಪ್ರತಿಯೊಬ್ಬ ಪ್ರಜೆಯೂ ಮೂರು ವರ್ಷ ನಿತ್ಯಸೈನ್ಯದಲ್ಲಿ, ಹನ್ನೊಂದು ವರ್ಷ ಮೀಸಲು ಪಡೆಯಲ್ಲಿ, ಏಳು ವರ್ಷ ಪ್ರಾಂತ ಪಡೆಯಲ್ಲಿ, ಮತ್ತೇಳು ವರ್ಷ ಅದರ ಮೀಸಲಿನಲ್ಲಿ, ಅಂತು ೨೮ ವರ್ಷ ಋಣಿಯಾಗಿದ್ದನು. ಅವನ ಸೈನಿಕ ಪುಸ್ತಿಕೆಯಲ್ಲಿಯೇ ಯುದ್ಧಸನ್ನಾಹದ ಎಷ್ಟನೆಯ ದಿನ ಯಾವ ಊರಿಗೆ ಬಂದು ಸೇರಬೇಕೆಂಬ ಆಜ್ಞೆಯಿರುತ್ತಿತ್ತು. ೧೯೧೪ರ ಆಗಸ್ಟ್ ೨ ಸನ್ನಾಹದ ಮೊದಲ ದಿನ. ಪ್ರತಿಯೊಂದು ಕಾಲಾಳು ರೆಜಿಮೆಂಟೂ ತನ್ನ ಅಧಿಕಾರಿಗಳಲ್ಲಿ ಕೆಲವರನ್ನು ಹಿಂದೆ ಬಿಟ್ಟು, ಅವರ ಸುತ್ತ ಮೀಸಲಿನವರನ್ನು ಕೂಡಿಸಿ ಒಂದು ಜೋಡಿ ರೆಜಿಮೆಂಟನ್ನು ಹಡೆಯುತ್ತಿತ್ತು. ಮೂಲದ ಸಂಖ್ಯೆಗೆ ೨೦೦ ಕೂಡಿಸಿದರೆ ಮರಿಯ ಸಂಖ್ಯೆ. ೭೬ಕ್ಕೆ ೨೭೬, ೮೮ಕ್ಕೆ ೨೮೮. ಸಾಹಿತ್ಯಾಭ್ಯಾಸಿಗಳಿಗೆ ಈ ಎರಡು ಸಂಖ್ಯೆಗಳು ನೆನಪಿನಲ್ಲಿರತಕ್ಕವು: ಕವಿ ಷಾರ್ಲ್ ಪೆಗಿ ತನ್ನ ೪೧ನೆಯ ವಯಸ್ಸಿನಲ್ಲಿ ೨೭೬ರ ಲೆಫ್ಟಿನೆಂಟನಾಗಿ ಸೆಪ್ಟೆಂಬರ್ ೫ರಂದು ಮಾರ್ನ್ ಯುದ್ಧದ ಹೊಸ್ತಿಲಲ್ಲಿ ಗುಂಡಿಗೆ ಸಿಕ್ಕನು, ಕಾದಂಬರಿಕಾರ ಅಲೆನ್-ಫೂರ್ನಿಯೆ ೨೮೮ರಲ್ಲಿದ್ದು ಅದೇ ತಿಂಗಳ ೨೨ರಂದು ಮಡಿದನು. ಮೀಸಲಿನವರು ಮುಂಚೂಣಿಗೆ ತಕ್ಕವರಲ್ಲವೆಂದು ಫ್ರೆಂಚ್ ಸೇನಾನಾಯಕರಲ್ಲಿ ಅನೇಕರು ನಂಬಿದ್ದರು. ಜರ್ಮನರು ತಮ್ಮ ಮೀಸಲು ಪಡೆಗಳನ್ನು ಮೊದಲಿನಿಂದಲೇ ಮುಂದೆ ನಿಲ್ಲಿಸಿದಾಗ ಆ ಲೆಕ್ಕಾಚಾರ ತಲೆಕೆಳಗಾಯಿತು.

ಅಲ್ಲಿ ಮನುಷ್ಯನು ತನ್ನ ಊರಿನಿಂದ ಕಿತ್ತು ಸಂಖ್ಯೆಯಾಗಿ ಮಾರ್ಪಡುತ್ತಾನೆ; ಇಲ್ಲಿ ಅವನು ಹೋಬಳಿಯವನಾಗಿಯೇ ಉಳಿಯುತ್ತಾನೆ. ಅಲ್ಲಿ ಋಣ ಎಲ್ಲರದು, ಸಂಬಳ ಹೆಸರಿಗೆ ಮಾತ್ರ. ಇಲ್ಲಿ ಸೇವೆ ಕೆಲವು ಮನೆಗಳದು, ಸಂಬಳವೂ ಉಂಟು. ಒಂದು ಸಂಕಟ ಮಾತ್ರ ಎರಡು ಕಡೆಗೂ ಸಮಾನ, ಅದು ಸುಗ್ಗಿಯದು. ಆಗಸ್ಟಿನಲ್ಲಿ ಗೋಧಿಯ ಹೊಲಗಳಿಂದಲೇ ಗಂಡಸರು ಹೊರಟುಹೋದುದರಿಂದ, ಆ ದೇಶದ ಪ್ರಧಾನಿ ವಿವಿಯಾನಿಯು ೭ನೆಯ ತಾರೀಖು ಕೊಯಿಲನ್ನು ಪೂರೈಸಬೇಕೆಂದು ಒಕ್ಕಲಗಿತ್ತಿಯರನ್ನು ಬೇಡಿಕೊಳ್ಳಬೇಕಾಯಿತು. ನಮ್ಮಲ್ಲಿ ಕೌಟಿಲ್ಯನು ದಂಡಯಾತ್ರೆಗೆ ಹೇಳಿದ ತಿಂಗಳುಗಳಲ್ಲಿ ಮಾರ್ಗಶಿರ ಮೊದಲನೆಯದು. ಹುಣಸೂರು, ಪಿರಿಯಾಪಟ್ಟಣಗಳ ಒಕ್ಕಲಿಗೆ ಅದು ರಾಗಿಯ ಕೊಯಿಲಿನ ತಿಂಗಳು. ಶತ್ರುವಿನ ಬೆಳೆಯನ್ನು ಕೆಡಿಸುವುದಕ್ಕೆ ಆ ಕಾಲವನ್ನು ಶಾಸ್ತ್ರಕಾರನು ಆರಿಸಿದನೇ ಹೊರತು, ಸ್ವಂತ ಪಡೆಯೇ ಬೆಳೆಗಾರರಾಗಿದ್ದರೆ ಏನು ಗತಿಯೆಂಬುದನ್ನು ಆ ಸ್ಥಳದಲ್ಲಿ ವಿಚಾರಿಸಲಿಲ್ಲ. ಊರಿನ ಬಳಿಯಲ್ಲಿಯೇ ಸರದಿಯ ಮೇಲೆ ಸೇವೆಯೆಂಬ ಕಂದಾಚಾರದ ಕ್ರಮವು ಈ ತೊಡಕಿಗೆ ತಕ್ಕಮಟ್ಟಿನ ಪರಿಹಾರವಾಗಿತ್ತು.

ಮನುಷ್ಯರಂತೆ ಎತ್ತುಗಳಿಗೂ ಮೀಸಲು ಇತ್ತೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆನು. ಒಡೆಯರ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದಾಯಿತು. ಬೆಣ್ಣೆಯ ಹೆಸರನ್ನು ಕಂಡು ಮೋಸಹೋಗಬಾರದು. ಶಾಂತಿಯಲ್ಲಿ ಹಸುಗಳು ಹಾಲು ಕೊಡುತ್ತಿದ್ದರೆ, ಯುದ್ಧದಲ್ಲಿ ಅವುಗಳ ಕರುಗಳು ಫಿರಂಗಿಯನ್ನು ಎಳೆಯುತ್ತಿದ್ದುವು. ೧೭೮೧ರಲ್ಲಿ ಚಿದಂಬರದ ರಕ್ಷಣೆಗಾಗಿ ಹೈದರನು ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು ಈ ಎತ್ತುಗಳ ಬಲದಿಂದ. ಇದಕ್ಕೆ ವಿಪರ್ಯಯವಾಗಿ, ೧೭೯೧ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮುಂದೆ ಕಾರ್ನ್‌ವಾಲಿಸನ ಎತ್ತುಗಳು ರೋಗದಿಂದಲೂ ಹಸಿವಿನಿಂದಲೂ ಸಾಯಲು, ಅವನು ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದನು. ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯೂ ಹಿಂತಿರುಗಬೇಕಾಯಿತು. ಪಾಠವನ್ನು ಕಲಿತ ಇಂಗ್ಲಿಷರು ೧೮೧೩ರಲ್ಲಿ ಈ ಹಿಂಡುಗಳನ್ನು ಮದರಾಸು ಸೇನೆಯ ಸರಬರಾಯಿ ಇಲಾಖೆಗೆ ಸೇರಿಸಿ ಹುಣಸೂರನ್ನು ಕೇಂದ್ರಸ್ಥಾನ ಮಾಡಿಕೊಂಡರು. ಅಲ್ಲಿ ತೊಗಲು ಹದಮಾಡುವ, ಕಂಬಳಿ ನೇಯುವ, ಗಾಡಿ ಕಟ್ಟುವ ಕಾರ್ಖಾನೆಗಳೂ ಬೆಳೆದುವು. ೧೮೬೦ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿಬಿಟ್ಟು, ೧೮೬೬ರಲ್ಲಿ ಪಶ್ಚಾತ್ತಾಪಪಟ್ಟು ಮತ್ತೆ ಕೂಡಿಹಾಕಿದರು. ಮೀಸಲನ್ನು ಕರಗಿಸುವುದು ಸುಲಭ. ಕೂಡಿಸುವುದಕ್ಕೆ ಒಂದು ತಲೆಮಾರು ಬೇಕು.

ನೆರೆಯ ಕೊಡಗಿನಲ್ಲಿ ಇದೇ ಸಮಸ್ಯೆಗೆ ಬೇರೊಂದು ಉತ್ತರ ದೊರೆಯಿತು. ಅಲ್ಲಿಯ ಜಮ್ಮಾ ಹಿಡುವಳಿಯವರು ಸಾಗು ಭೂಮಿಯ ಅರ್ಧದಷ್ಟು ಕಂದಾಯ ಕೊಟ್ಟು, ಉಳಿದರ್ಧಕ್ಕೆ ಬದಲಾಗಿ ಅರಸನಿಗೆ ಸೈನಿಕ ಸೇವೆ ಸಲ್ಲಿಸಬೇಕಾಗಿತ್ತು. ರಾಜ್ಯ ಹೋದರೂ ಹಿಡುವಳಿ ಉಳಿಯಿತು. ಹಿಡುವಳಿಯೊಡನೆ ಕೋವಿಯೂ ಉಳಿಯಿತು. ಮೈಸೂರಿನ ಕಂದಾಚಾರಕ್ಕೆ ಆ ಭಾಗ್ಯವಿರಲಿಲ್ಲ. ಅದರ ಆಧಾರ ನೆಲಕ್ಕಿಂತ ಹೆಚ್ಚಾಗಿ ಸಂಬಳವಾಗಿದ್ದುದರಿಂದ, ೧೮೩೧ರಲ್ಲಿ ಆಡಳಿತ ಕಮಿಷನರ ಕೈಸೇರಿದ ಮೇಲೆ ಅದು ಕ್ರಮೇಣ ಪೋಲೀಸಿನ ಮತ್ತು ಅಮಲ್ದಾರರ ಕಚೇರಿಯ ಜವಾನರ ಕೆಲಸಕ್ಕೆ ಇಳಿದು, ಆ ಶತಮಾನದ ಉತ್ತರಾರ್ಧದಲ್ಲಿ ಹೊಸ ಪೋಲೀಸಿಗೆ ಎಡೆಗೊಟ್ಟಿತು.

ಪಡೆ ಹೋಯಿತು, ಹೆಸರು ಹಳೆಯ ಬರಹಗಳಲ್ಲಿ ಉಳಿದಿದೆ. ಪಾಠ ಹೇಳುವವರಿಗೂ ಹಸ್ತಪ್ರತಿ ಶೋಧಿಸುವವರಿಗೂ ಉಪಯೋಗವಾಗಲೆಂದು ನಾನು ಅನುಸರಿಸುವ ಗುರುತನ್ನು ಹೇಳುತ್ತೇನೆ. ಕಂದಾಚಾರದ ಹಿಂದೆಮುಂದೆ ಆಳು, ಸಂಬಳ, ಬತ್ಯ, ಠಾಣ್ಯ, ಗುರಿಕಾರ, ಹೋಬಳಿದಾರ ಮೊದಲಾದ ಮಾತುಗಳಿದ್ದರೆ ಅದು ಪಡೆಯೇ ಸರಿ. ಮಡಿ, ವ್ರತ, ಸಂಪ್ರದಾಯಗಳ ಪ್ರಸ್ತಾವವಿದ್ದು, ಬರೆದವನ ದನಿಯಲ್ಲಿ ತಿರಸ್ಕಾರವಿದ್ದರೆ ಅದು ಈಚಿನ ಅರ್ಥ. ಇವೆರಡೂ ಇಲ್ಲದೆ ಬರಿಯ ಹೆಸರಿನ ಪಟ್ಟಿಯಲ್ಲಿ ಶಬ್ದ ಬಂದಾಗ, ಪಕ್ಕದ ಅಂಕಣದಲ್ಲಿ ಹಣದ ಮೊತ್ತವಿದೆಯೇ ಎಂದು ನೋಡಬೇಕು. ನನ್ನ ಕಡತದಲ್ಲಿ ಅದು ಇದ್ದಿತು; ನಾನು ನೋಡಿರಲಿಲ್ಲ.