ಒಡೆಯ ಬದಲಾದರೆ ಒಕ್ಕಲು ಏಳಬೇಕೆ?

ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ‘ಮಿತಾಕ್ಷರ’ವನ್ನು ರಚಿಸಿದ್ದು ಇಂದಿನ ಬಸವಕಲ್ಯಾಣದಲ್ಲಿ. ಸ್ವತ್ತು ಯಾರದು, ಪಾಲು ಯಾರಿಗೆ ಎಂಬ ಜಿಜ್ಞಾಸೆ ಈ ನೆಲಕ್ಕೆ ಹೊಸದಲ್ಲ. ಆದರೆ ಒಡೆಯನಲ್ಲದೆ, ಬಾಡಿಗೆ ತೆತ್ತು ಅಲ್ಲಿ ಬಾಳುವವನ ಹಕ್ಕೇನು? ಆ ಸ್ವತ್ತು ಮಾರಾಟವಾದ ದಿನ ಈ ಪ್ರಶ್ನೆ ತೀವ್ರವಾಗುತ್ತದೆ.

ಹುಮನಾಬಾದಿನ ಪೇಟೆಯಲ್ಲಿ ಒಬ್ಬರು ಐದು ವರ್ಷಗಳ ನೋಂದಾಯಿತ ಕರಾರಿನ ಮೇಲೆ ಮಳಿಗೆ ಹಿಡಿದು ಬಟ್ಟೆ ಅಂಗಡಿ ನಡೆಸುತ್ತಿದ್ದಾರೆನ್ನೋಣ. ಎರಡು ವರ್ಷ ಕಳೆಯುವಷ್ಟರಲ್ಲಿ ಮಾಲೀಕನು ಮಳಿಗೆಯನ್ನು ಮಾರುತ್ತಾನೆ. ಕೊಂಡವನು ಬಂದು, “ಕರಾರು ನನ್ನೊಡನೆ ಆದದ್ದಲ್ಲ, ಖಾಲಿ ಮಾಡಿರಿ” ಎನ್ನುತ್ತಾನೆ. ಪ್ರಾಚೀನ ರೋಮಿನಲ್ಲಿ ಈ ಮಾತು ನಡೆಯುತ್ತಿತ್ತು. ಒಕ್ಕಲಿಗೆ ಉಳಿಯುತ್ತಿದ್ದುದು ಮಾರಿದವನಿಂದ ಪರಿಹಾರ ಕೇಳುವ ದಾರಿ ಮಾತ್ರ. ನಮ್ಮಲ್ಲಿ ಅದು ನಡೆಯದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 109ನೆಯ ಪ್ರಕರಣದಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಕೊಂಡವನು ಹಳೆಯ ಮಾಲೀಕನ ಸ್ಥಾನದಲ್ಲಿ ನಿಲ್ಲುತ್ತಾನೆ. ಬಾಡಿಗೆ ಪಡೆಯುವ ಹಕ್ಕು ಅವನದು. ಬಾಡಿಗೆದಾರನು ಬಯಸಿದರೆ ಕರಾರಿನ ಹೊಣೆಗಳೂ ಅವನವೇ. “ಒಳಗೆ ಒಕ್ಕಲಿದ್ದುದು ತಿಳಿಯದು” ಎನ್ನುವಂತಿಲ್ಲ. ಸ್ವಾಧೀನದಲ್ಲಿರುವವನ ಹಕ್ಕು ಕೊಳ್ಳುವವನಿಗೆ ತಿಳಿದಿದೆಯೆಂದೇ ಕಾನೂನು ಭಾವಿಸುತ್ತದೆ.

ಮಾರಾಟದ ಸುದ್ದಿ ತಿಳಿಯದೆ ಹಳೆಯ ಮಾಲೀಕನಿಗೆ ಸಲ್ಲಿಸಿದ ಬಾಡಿಗೆಯನ್ನು ಎರಡನೆಯ ಸಲ ತೆರಬೇಕಾಗಿಲ್ಲ. ತಿಳಿದ ಮೇಲೆ ಕ್ರಯಪತ್ರವನ್ನು ನೋಡಿ, ಹೊಸಬನಿಗೆ ಕೊಟ್ಟು ರಸೀದಿ ಪಡೆಯಬೇಕು. ಮುಂಗಡದ ಹಣವನ್ನು ಯಾರು ಹಿಂದಿರುಗಿಸಬೇಕೆಂಬುದನ್ನು ಇಬ್ಬರಿಂದಲೂ ಬರೆಯಿಸಿಕೊಳ್ಳುವುದು ಲೇಸು.

ಆದರೆ ಈ ರಕ್ಷಣೆ ಕರಾರು ಎಷ್ಟು ಗಟ್ಟಿಯೋ ಅಷ್ಟೇ ಗಟ್ಟಿ. ಒಂದು ವರ್ಷವನ್ನು ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವೆನ್ನುತ್ತದೆ 107ನೆಯ ಪ್ರಕರಣ. ಬರಿಯ ಛಾಪಾಕಾಗದದ ಮೇಲೆ ಬರೆದ ಐದು ವರ್ಷ ಸಾಮಾನ್ಯವಾಗಿ ತಿಂಗಳ ಬಾಡಿಗೆಯಾಗಿ ಕುಗ್ಗುತ್ತದೆ. ಅದನ್ನು 15 ದಿನಗಳ ಲಿಖಿತ ನೋಟೀಸಿನಿಂದ ಕೊನೆಗಾಣಿಸಬಹುದು. ಬಾಯಿಮಾತಿನ ಮೇಲೆ ಮನೆ ಹಿಡಿದವರ ಸ್ಥಿತಿಯೂ ಇದೇ.

ಹಾಗೆಂದು ನೋಟೀಸಿನ ಅವಧಿ ಮುಗಿದೊಡನೆ ಬೀಗ ಒಡೆದು ಸಾಮಾನನ್ನು ಬೀದಿಗೆ ಹಾಕುವಂತಿಲ್ಲ. ಬಾಡಿಗೆದಾರನು ತಾನಾಗಿ ಬಿಡದಿದ್ದರೆ ನ್ಯಾಯಾಲಯಕ್ಕೇ ಹೋಗಬೇಕು. ಬಲಾತ್ಕಾರದಿಂದ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು.

ನಮ್ಮ ಊರುಗಳಲ್ಲಿ ಪರಿಚಯದ ಬಲದ ಮೇಲೆ ಕಿರಾಯಿಗೆ ಮನೆ ಕೊಡುವವರುಂಟು, ಹಿಡಿಯುವವರುಂಟು. ಆ ವಿಶ್ವಾಸವನ್ನು ನಾನು ಹಳಿಯಲಾರೆ. ಆದರೆ ಅದು ಮನೆ ಕೊಟ್ಟವನೊಡನೆ ಇದ್ದದ್ದು, ಮನೆಯೊಡನೆ ಮಾರಾಟವಾಗುವಂಥದಲ್ಲ. ಕೊಂಡವನನ್ನು ಕಟ್ಟಿಹಾಕುವುದು ಬರೆದು ನೋಂದಾಯಿಸಿದ ಕರಾರು.