ಕೋಳಿ ಮೂತ್ರ ಹೊಯ್ಯುವುದಿಲ್ಲವೇ?

ವಿದ್ಯಾರ್ಥಿಗಳೇ, ಸೇಲಂ, ಧರ್ಮಪುರಿ ಸೀಮೆಯ ನಮ್ಮ ಹಳ್ಳಿಮನೆಗಳಲ್ಲಿ ಆಡೂ ಕೋಳಿಯೂ ಒಟ್ಟಿಗೇ ಇರುತ್ತವೆ ಅಲ್ವಾ? ಆಡು ಮೂತ್ರ ಹೊಯ್ಯುವುದನ್ನು ದಿನವೂ ನೋಡುತ್ತೀರಿ. ಕೋಳಿ ಹೊಯ್ಯುವುದನ್ನು ಎಂದಾದರೂ ಕಂಡಿದ್ದೀರಾ? ಇಲ್ಲ ತಾನೇ! ಹಾಗಾದರೆ ಕೋಳಿಗೆ ಮೂತ್ರಪಿಂಡವೇ ಇಲ್ಲವೇ? ಇದೆ. ಸೊಂಟದ ಮೂಳೆಯ ಗುಳಿಗಳಲ್ಲಿ ಅಂಟಿಕೊಂಡಂತೆ ಎರಡು ಇವೆ. ಮೂತ್ರಕೋಶ ಮಾತ್ರ ಇಲ್ಲ. ಹಿಕ್ಕೆಯ ಮೇಲೆ ಸುಣ್ಣ ಹಚ್ಚಿದಂತೆ ಬೆಳ್ಳಗೆ ಕಾಣುತ್ತದಲ್ಲ, ಅದೇ ಕೋಳಿಯ ಮೂತ್ರ!

ದೇಹದಲ್ಲಿ ಪ್ರೋಟೀನ್ ಒಡೆದಾಗ ಸಾರಜನಕದ ಕಸ ಉಳಿಯುತ್ತದೆ. ಆಡು, ಹಸು, ಮನುಷ್ಯರಂಥ ಸಸ್ತನಿಗಳು ಅದನ್ನು ಯೂರಿಯಾ ಮಾಡಿ ಹೊರಹಾಕುತ್ತವೆ. ಯೂರಿಯಾ ನೀರಿನಲ್ಲಿ ಕರಗುವುದರಿಂದ ಅದರ ಜೊತೆ ನೀರೂ ಹೋಗಲೇಬೇಕು. ಆ ನೀರನ್ನು ಆದಷ್ಟು ಉಳಿಸಲು ನಮ್ಮ ನೆಫ್ರಾನುಗಳಲ್ಲಿ ಹೆನ್ಲೆಯ ಕುಣಿಕೆ ಇದೆ. ಅದರ ಬಲದಿಂದ ನಮ್ಮ ಮೂತ್ರ ರಕ್ತಕ್ಕಿಂತ ಸುಮಾರು 4 ಪಟ್ಟು ಗಾಢವಾಗಬಲ್ಲದು.

ಹಕ್ಕಿಗಳ ಬಹುಪಾಲು ನೆಫ್ರಾನುಗಳಿಗೆ ಈ ಕುಣಿಕೆಯೇ ಇಲ್ಲ. ಅವುಗಳ ಮೂತ್ರ 2–3 ಪಟ್ಟಿಗಿಂತ ಗಾಢವಾಗುವುದು ಅಪರೂಪ. ಆದರೂ ಅವು ನೀರು ಉಳಿಸುತ್ತವೆ. ಹೇಗೆ? ಅವುಗಳ ಕಸ ಯೂರಿಕ್ ಆಮ್ಲ. ಅದು ನೀರಿನಲ್ಲಿ ಕರಗುವುದು ಬಹಳ ಕಮ್ಮಿ. ಮೂತ್ರವು ಕರುಳಿನ ಕೊನೆಯ ಭಾಗಕ್ಕೆ ಹಿಂದಿರುಗಿದಾಗ ಅಲ್ಲಿ ನೀರು ಹೀರಲ್ಪಟ್ಟು, ಬಿಳಿ ಮುದ್ದೆ ಮಾತ್ರ ಹೊರಬೀಳುತ್ತದೆ.

ಈ ಉಪಾಯದಲ್ಲೇ ಒಂದು ಅಪಾಯವೂ ಇದೆ. ಮೂತ್ರಪಿಂಡ ಕೆಟ್ಟರೆ ಕರಗದ ಯೂರಿಕ್ ಆಮ್ಲ ಹೃದಯ, ಪಿತ್ತಜನಕಾಂಗಗಳ ಮೇಲೆ ಸುಣ್ಣದ ಪುಡಿಯಂತೆ ಕೂರುತ್ತದೆ. ಇದೇ ಗೌಟ್ ರೋಗ. ಕುಡಿಯುವ ನೀರು ಸಾಲದಿದ್ದರೂ, ಮೊಟ್ಟೆಯಿಡುವ ಕೋಳಿಗಳಿಗೆಂದು ಕ್ಯಾಲ್ಸಿಯಂ ಹೆಚ್ಚು ಬೆರೆಸಿದ ಆಹಾರವನ್ನು ಮರಿಗಳಿಗೆ ಹಾಕಿದರೂ ಇದು ಬರಬಹುದು.

ರಣಹದ್ದುಗಳನ್ನು ಕೊಂದದ್ದೂ ಇದೇ ರೋಗ. ನೋವಿಗೆಂದು ಹಸುಗಳಿಗೆ ಡೈಕ್ಲೋಫಿನ್ಯಾಕ್ ಕೊಡುತ್ತಿದ್ದರು. ಹಸು ಅದನ್ನು ತಾಳಿಕೊಂಡಿತು. ಆದರೆ ಆ ಮದ್ದು ಮೈಯಲ್ಲಿರುವಾಗಲೇ ಸತ್ತ ಹಸುವಿನ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಅದು ಗೌಟಿನಿಂದ ಸತ್ತಿತು. ಈ ಕಾರಣ ಬೆಳಕಿಗೆ ಬಂದದ್ದು 2004ರಲ್ಲಿ. 2006ರಲ್ಲಿ ಭಾರತ ಜಾನುವಾರುಗಳಿಗೆ ಈ ಮದ್ದು ಕೊಡುವುದನ್ನು ನಿಷೇಧಿಸಿತು. ಇಂದು ತಮಿಳುನಾಡಿನಲ್ಲಿ ರಣಹದ್ದುಗಳು ಉಳಿದಿರುವುದು ಮುಖ್ಯವಾಗಿ ನೀಲಗಿರಿ ತಪ್ಪಲಿನ ಮೋಯಾರ್ ಕಣಿವೆಯ ಸುತ್ತಮುತ್ತ.

ಹಾಗಾಗಿ ಮನೆಯಲ್ಲಿ ಎರಡು ಮಾತು ಹೇಳಿ. ಹಸುವಿಗೆ ಡೈಕ್ಲೋಫಿನ್ಯಾಕ್ ಹಾಕಿಸುವುದು ಬೇಡ. ಬೇಸಿಗೆಯಲ್ಲಿ ಕೋಳಿಗಳಿಗೆ ನೆರಳಲ್ಲಿ ಒಂದು ಚಟ್ಟಿ ನೀರು ಇಡೋದು ಮರೀಬೇಡಿ. ಮೂತ್ರ ಕಾಣದು ಅಂತ ಅದಕ್ಕೆ ನೀರೇ ಬೇಡ ಅಂದ್ಕೋಬಾರದು!