ಡೆಟ್ಟಿಫಾಸ್: ಧಾರೆಯ ಬಲವೆಷ್ಟು?

ಐಸ್‌ಲೆಂಡಿನ ಡೆಟ್ಟಿಫಾಸ್ ಜಲಪಾತವು 44 ಮೀಟರ್ ಮಾತ್ರ ಎತ್ತರವಿದ್ದು, 253 ಮೀಟರುಗಳ ನಮ್ಮ ಜೋಗದ ಸುಮಾರು ಆರರಲ್ಲೊಂದು ಪಾಲಾಗಿರಲು, ಅದನ್ನು ಯೂರೋಪಿನಲ್ಲೆಲ್ಲ ಬಲಿಷ್ಠವೆಂದು ಕೊಂಡಾಡುವುದು ಯುಕ್ತವೇ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆ ದ್ವೀಪದ ಈಶಾನ್ಯದ ನಿರ್ಜನ ಪ್ರಸ್ಥಭೂಮಿಯಲ್ಲಿ, ನದಿಯ ಪೂರ್ವದಂಡೆಯ ಕಡೆಯಿಂದ ಜಲಪಾತಕ್ಕೆ ಒಯ್ಯುವ 864ನೆಯ ಸಂಖ್ಯೆಯ ಜಲ್ಲಿರಸ್ತೆಯು ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗಿ, ಬೇಸಗೆಯಲ್ಲಿ ವಾಹನಗಳು ಓಡಾಡಿದಂತೆಲ್ಲ ಉತ್ತ ಹೊಲದ ಹಾಗೆ ಅಡ್ಡಡ್ಡಲಾಗಿ ಏಣುಗಟ್ಟುತ್ತದೆ. ವೇಗದಿಂದುರುಳುವ ಚಕ್ರವು ಸಣ್ಣದೊಂದು ಉಬ್ಬಿನ ಮೇಲೆ ಜಿಗಿದು, ಅದರಾಚೆ ಬಿದ್ದೆಡೆಯಲ್ಲಿ ಜಲ್ಲಿಯನ್ನು ತಳ್ಳಿ ಗುಳಿಮಾಡುವುದರಿಂದಲೇ ಆ ಏಣುಗಳು ಹುಟ್ಟುತ್ತವೆ. ದಾರಿಯ ತುದಿಯಲ್ಲಿ ಧುಮುಕುವುದು ವಾಟ್ನಯೋಕುಲ್ ಎಂಬ ಮಹಾಹಿಮರಾಶಿಯಿಂದ ಹೊರಟ ನೀರು. ಹಿಮವು ಚಲಿಸುತ್ತ ಅರೆದ ಶಿಲೆಯ ಹುಡಿಯನ್ನು ಹೊತ್ತಿರುವುದರಿಂದ ಅದರ ಬಣ್ಣ ಬೂದಿಯದು.

ಜಲಪಾತದ ಸಾಮರ್ಥ್ಯವು ಎತ್ತರವೊಂದನ್ನೇ ಅವಲಂಬಿಸಿದುದಲ್ಲ. ಪ್ರತಿ ಸೆಕೆಂಡಿಗೆ ಬೀಳುವ ನೀರಿನ ತೂಕವನ್ನು ಎತ್ತರದೊಡನೆ ಗುಣಿಸಬೇಕು. ಡೆಟ್ಟಿಫಾಸಿನಲ್ಲಿ ಸರಾಸರಿ ಸುಮಾರು 190 ಘನಮೀಟರ್ ನೀರು ಬೀಳುವುದಾಗಿ, ಫಲವು ಸುಮಾರು 82,000 ಕಿಲೋವಾಟ್. ಆದರೆ ಸ್ವಿಟ್ಜರ್ಲೆಂಡಿನ ರೈನ್ ಜಲಪಾತವು 23 ಮೀಟರಷ್ಟೇ ಇಳಿದರೂ ಸರಾಸರಿ ಸುಮಾರು 370 ಘನಮೀಟರ್ ನೀರನ್ನು ಸುರಿಸಿ ಹೆಚ್ಚುಕಡಿಮೆ ಅಷ್ಟೇ ಸಾಮರ್ಥ್ಯವನ್ನು ಪಡೆಯುತ್ತದೆ. ಆದುದರಿಂದ ಪ್ರವಾಸಿಗರ ಕೈಪಿಡಿಗಳು ಡೆಟ್ಟಿಫಾಸಿಗೆ ನಿಸ್ಸಂದೇಹವಾಗಿ ತೊಡಿಸುವ ಕಿರೀಟವನ್ನು ನಾನಂತೂ ಒಪ್ಪಲಾರೆ.

ಈ ಬಲವೆಲ್ಲ ತಳದಲ್ಲಿ ಏನಾಗುತ್ತದೆಂಬ ಪ್ರಶ್ನೆಯೇ ನನಗೆ ಹೆಚ್ಚು ಪ್ರಿಯವಾದುದು. ಮ್ಯಾಂಚೆಸ್ಟರ್ ಸೀಮೆಯ ಬಿಯರ್ ತಯಾರಕರ ಮನೆತನದ ಜೇಮ್ಸ್ ಜೂಲನು, ಚಲನೆಯು ನಶಿಸದೆ ಶಾಖವಾಗಿ ಪರಿಣಮಿಸುತ್ತದೆಂದು ನಂಬಿ, 817 ಅಡಿ ಬಿದ್ದ ನೀರು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬೆಚ್ಚಗಾಗಬೇಕೆಂದೂ, 160 ಅಡಿಯ ನಯಾಗರದಲ್ಲಿ ಆ ಏರಿಕೆಯು ಐದರಲ್ಲೊಂದು ಡಿಗ್ರಿಯಾದೀತೆಂದೂ 1845ರಲ್ಲಿ ಬರೆದನು. ಎರಡು ವರ್ಷಗಳ ಬಳಿಕ ಆಲ್ಪ್ಸ್ ಪರ್ವತಗಳಲ್ಲಿ ನಡೆದುಹೋಗುತ್ತಿದ್ದ ವಿಲಿಯಂ ತಾಮ್ಸನ್ನನಿಗೆ—ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದಾತನಿಗೆ—ನೀಳವಾದ ಉಷ್ಣಮಾಪಕವನ್ನು ಹಿಡಿದ ನವವಿವಾಹಿತ ಜೂಲನು ಎದುರಾದನು. ಸನಿಹದ ಗಾಡಿಯಲ್ಲಿ ಅವನ ಪತ್ನಿ ಕುಳಿತಿದ್ದಳು. ಇಬ್ಬರೂ ಸಲಾಂಶ್ ಜಲಪಾತದಲ್ಲಿ ಪರೀಕ್ಷಿಸಲೆಳಸಿದರೂ, ನೀರು ತುಂತುರಾಗಿ ಒಡೆದು ಚದರುತ್ತಿದ್ದುದರಿಂದ ಅಳತೆ ಕೈಗೂಡಲಿಲ್ಲ. ಮಧುಚಂದ್ರದ ದಿನಗಳಲ್ಲೂ ಪ್ರಕೃತಿಯನ್ನು ಪ್ರಶ್ನಿಸುತ್ತಿದ್ದ ಆ ನಿಷ್ಠೆಗೆ ನಾನು ತಲೆಬಾಗುತ್ತೇನೆ.

ಅವನ ಲೆಕ್ಕದಂತೆ ಡೆಟ್ಟಿಫಾಸಿನ ಆರ್ಭಟವೆಲ್ಲ ನೀರನ್ನು ಬಿಸಿಮಾಡುವುದು ಸೆಲ್ಸಿಯಸ್ ಡಿಗ್ರಿಯ ಹತ್ತರಲ್ಲೊಂದು ಭಾಗದಷ್ಟು. ಜೋಗಕ್ಕೆ ಇದೇ ಲೆಕ್ಕವು ಅರ್ಧ ಡಿಗ್ರಿಗೂ ಮಿಕ್ಕುತ್ತದೆ. ಆದರೆ ಅಷ್ಟೆತ್ತರದಿಂದ ಬೀಳುತ್ತ ತುಂತುರಾದ ನೀರು ಗಾಳಿಯಲ್ಲಿ ಆವಿಯಾಗುವಾಗ ಉಳಿದ ನೀರಿನ ಶಾಖವನ್ನು ಹೀರಿಕೊಂಡು ಹೋಗುವುದರಿಂದ, ಕೆಳಗಿನ ಮಡುವಿನಲ್ಲಿ ಉಷ್ಣಮಾಪಕವನ್ನಿಳಿಸಿದವನಿಗೆ ಆ ಏರಿಕೆಯು ಪೂರ್ಣವಾಗಿ ದೊರೆಯಲಾರದು.